ಕಾಲಿನ ಕಸುವೋ, ಗಾಡಿಯ ಗುಣವೋ?

ಕೆಲವು ವರ್ಷಗಳ ಹಿಂದೆ ಸವದತ್ತಿ ತಾಲ್ಲೂಕಿನ ಹಳ್ಳಿಯೊಂದರ ಜಾತ್ರೆಯಲ್ಲಿ ಸೈಕಲ್ ಪಂದ್ಯ ನೋಡುವ ಅವಕಾಶ ನನಗೆ ಒದಗಿತ್ತು. ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಕಡೆಯಿಂದಲೂ ಹುಡುಗರು ಬಂದಿದ್ದರು. ಅರ್ಧ ದಾರಿ ಡಾಂಬರು, ಉಳಿದದ್ದು ಹೊಲಗಳ ನಡುವಿನ ಕಚ್ಚಾ ರಸ್ತೆ. ಹಳೆಯ ಸೈಕಲ್ಲಿನ ಹುಡುಗನೊಬ್ಬ ತಿರುವುಗಳಲ್ಲಿ ಬ್ರೇಕ್ ಮುಟ್ಟದೆ, ಗುಂಡಿ ಬಂದಲ್ಲಿ ಮುಂದಿನ ಗಾಲಿಯನ್ನು ಹಗುರಾಗಿ ಎತ್ತಿ ದಾಟಿಸುತ್ತ ಎಲ್ಲರಿಗಿಂತ ಮುಂದಿದ್ದ. ಕೊನೆಯ ಏರಿನಲ್ಲಿ ಪೆಡಲಿನ ಮೇಲೆ ಎದ್ದುನಿಂತು ಬಲ ಹಾಕಿದ್ದೇ ತಡ, ಫ್ರೀವೀಲ್ ಜಾರಿತು. ಪೆಡಲ್ ಗಿರ್ರನೆ ತಿರುಗಿತೇ ಹೊರತು ಗಾಲಿ ತಿರುಗಲಿಲ್ಲ. ಹಿಂದಿದ್ದ ಐದಾರು ಮಂದಿ ಅವನನ್ನು ದಾಟಿ ಹೋದರು. ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು, ‘ಹುಡುಗ ಛಲೋ ಅದಾನ್ರಿ, ಸೈಕಲ್ ಕೈ ಕೊಡ್ತು’ ಎಂದರು. ಗೆದ್ದವನ ತಂದೆ ಮಾತ್ರ, ‘ಗಾಡಿದೇನ್ ಐತ್ರಿ, ಎಲ್ಲಾ ಕಾಲಾಗ ಇರತೈತಿ’ ಎಂದು ನಕ್ಕರು. ಅವರ ಮಗನದು ಹುಬ್ಬಳ್ಳಿಯಿಂದ ತರಿಸಿದ ಗೇರ್ ಸೈಕಲ್ ಆಗಿತ್ತು.

ಸವಾರನ ಚಾತುರ್ಯ ದೊಡ್ಡದೋ, ಸೈಕಲ್ಲಿನ ಗುಣಮಟ್ಟ ದೊಡ್ಡದೋ ಎಂಬ ವಾದ ಬಿಎಂಎಕ್ಸ್ ಪಂದ್ಯಗಳ ಸುತ್ತಲೂ ನಡೆಯುತ್ತಲೇ ಇರುತ್ತದೆ. ಅಲ್ಲಿ ಉತ್ತರ ಸುಲಭ. ಇಪ್ಪತ್ತು ಇಂಚಿನ ಗಾಲಿ, ಒಂದೇ ಗೇರು, ಒಂದು ಬ್ರೇಕು. ಎಂಟು ಮಂದಿ ಒಮ್ಮೆಗೇ ಇಳಿಜಾರಿನಿಂದ ಧುಮುಕಿ, ಮುನ್ನೂರು ನಾನೂರು ಮೀಟರಿನ ಮಣ್ಣಿನ ದಿಬ್ಬಗಳನ್ನು ಮುಕ್ಕಾಲು ನಿಮಿಷದೊಳಗೆ ಹಾರಿ ಮುಗಿಸಬೇಕು. ದಿಬ್ಬದ ಇಳಿಜಾರಿನಲ್ಲಿ ಮೈಭಾರವನ್ನು ಒತ್ತಿ, ಪೆಡಲ್ ತುಳಿಯದೆಯೇ ವೇಗ ಗಳಿಸುವ ವಿದ್ಯೆಯನ್ನು ಯಾವ ಅಂಗಡಿಯೂ ಮಾರುವುದಿಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಈ ಕ್ರೀಡೆ ಮೊದಲ ಬಾರಿ ಸೇರ್ಪಡೆಯಾದಾಗ ಚಿನ್ನ ಗೆದ್ದ ಲಾಟ್ವಿಯಾದ ಮಾರಿಸ್ ಸ್ಟ್ರಾಂಬರ್ಗ್ಸ್, 2012ರಲ್ಲಿ ಲಂಡನ್ನಿನಲ್ಲಿಯೂ ಗೆದ್ದ. ಆ ಎಂಟು ಮಂದಿಯ ಸೈಕಲ್ಲುಗಳಲ್ಲಿ ಹೇಳಿಕೊಳ್ಳುವಂಥ ಅಂತರವಿರಲಾರದು; ಆದ್ದರಿಂದಲೇ ಅಲ್ಲಿ ಚಾತುರ್ಯ ಎದ್ದು ಕಾಣುತ್ತದೆ.

ಆದರೆ ಯಂತ್ರಗಳ ನಡುವೆ ಅಂತರವಿದ್ದಾಗ? ಇದಕ್ಕೆ ಸೈಕಲ್ ಇತಿಹಾಸದಲ್ಲಿ ಒಂದು ಸೊಗಸಾದ ಸಾಕ್ಷ್ಯವಿದೆ. ಒಂದು ಗಂಟೆಯಲ್ಲಿ ಒಬ್ಬನೇ ಎಷ್ಟು ದೂರ ಕ್ರಮಿಸಬಲ್ಲ ಎಂಬ ದಾಖಲೆಯನ್ನು 1972ರಲ್ಲಿ ಮೆಕ್ಸಿಕೊ ನಗರದಲ್ಲಿ ಎಡ್ಡಿ ಮರ್ಕ್ಸ್ 49.431 ಕಿಲೊಮೀಟರಿಗೆ ತಂದಿದ್ದ. 1996ರಲ್ಲಿ ಕ್ರಿಸ್ ಬೋರ್ಡ್‌ಮನ್, ಗಾಳಿಯನ್ನು ಸೀಳುವಂತೆ ರೂಪಿಸಿದ ಸೈಕಲ್ಲಿನ ಮೇಲೆ ತೋಳು ಚಾಚಿ ಮಲಗಿದಂತೆ ಸವಾರಿ ಮಾಡಿ 56.375 ಕಿಲೊಮೀಟರ್ ಕ್ರಮಿಸಿದ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ, ಮರ್ಕ್ಸ್ ಕಾಲದ ಮಾದರಿಯ ಸೈಕಲ್ಲಿನಲ್ಲೇ ಇನ್ನು ದಾಖಲೆ ಎಂದು ನಿಯಮ ಮಾಡಿತು. 2000ದಲ್ಲಿ ಅದೇ ಬೋರ್ಡ್‌ಮನ್ ಆ ಹಳೆಯ ಮಾದರಿಯನ್ನೇರಿ ಸಾಧಿಸಿದ್ದು 49.441 ಕಿಲೊಮೀಟರ್. ಮರ್ಕ್ಸ್‌ಗಿಂತ ಬರೀ ಹತ್ತು ಮೀಟರ್ ಹೆಚ್ಚು! ನಾಲ್ಕು ವರ್ಷಗಳ ವಯಸ್ಸನ್ನು ಲೆಕ್ಕದಿಂದ ಕಳೆದರೂ, ಉಳಿದ ಸುಮಾರು ಏಳು ಕಿಲೊಮೀಟರುಗಳಲ್ಲಿ ಬಹುಪಾಲು ಯಂತ್ರದ್ದೇ ಎನ್ನದೆ ವಿಧಿಯಿಲ್ಲ.

ಬಟ್ಟೆ ಒಗೆಯುವ ಯಂತ್ರದ ಬೇರಿಂಗ್ ಭಾಗಗಳನ್ನು ಬಳಸಿ ತಾನೇ ಕಟ್ಟಿಕೊಂಡ ಸೈಕಲ್ಲಿನಲ್ಲಿ 1993ರಲ್ಲಿ ಇದೇ ದಾಖಲೆ ಮುರಿದ ಸ್ಕಾಟ್ಲೆಂಡಿನ ಗ್ರೇಮ್ ಒಬ್ರಿಯನ್ನು ಯಾರಾದರೂ ಇಲ್ಲಿ ನೆನಪಿಸಬಹುದು. ಒಪ್ಪುತ್ತೇನೆ. ಆದರೆ ಅವನ ಸೈಕಲ್ ಅಗ್ಗದ್ದಾಗಿತ್ತೇ ಹೊರತು ಕೆಟ್ಟದ್ದಾಗಿರಲಿಲ್ಲ. ಒಂದೊಂದು ಬಿರಡೆಯೂ ಅವನ ಲೆಕ್ಕದಂತೆ ಇತ್ತು. ಬೆಲೆ ಬೇರೆ, ಸುಸ್ಥಿತಿ ಬೇರೆ. ನನ್ನ ಅಭಿಪ್ರಾಯದಲ್ಲಿ ಇಡೀ ವಾದ ನಿಂತಿರುವುದು ಈ ವ್ಯತ್ಯಾಸದ ಮೇಲೆ. ಚೈನು ಜಾರದ, ಗಾಲಿ ಓರೆಯಾಗದ, ಬ್ರೇಕು ಹಿಡಿಯುವ ಸೈಕಲ್ ಎಲ್ಲರ ಕೈಯಲ್ಲಿದ್ದ ಮೇಲೆ ಗೆಲ್ಲುವುದು ಚಾತುರ್ಯ. ಅದಿಲ್ಲದಿದ್ದರೆ ಸೀಟಿ ಊದುವ ಮೊದಲೇ ಫಲಿತಾಂಶ ಬರೆದಾಗಿರುತ್ತದೆ. ‘ಎಲ್ಲವೂ ಕಾಲಿನಲ್ಲಿದೆ’ ಎಂಬ ಮಾತು ಒಳ್ಳೆಯ ಸೈಕಲ್ ಇದ್ದವರ ಬಾಯಿಂದಲೇ ಹೆಚ್ಚು ಕೇಳಿಬರುವುದು ಆಕಸ್ಮಿಕವೇನಲ್ಲ.

ನಮ್ಮ ಎರೆಮಣ್ಣಿನ ಸೀಮೆಯಲ್ಲಿ ಈ ಸುಸ್ಥಿತಿಯೇ ದುಬಾರಿ. ಮಳೆ ಬಂದರೆ ಮಣ್ಣು ಟಾಯರಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿ ಗಾಲಿ ಕಟ್ಟಿಹಾಕುತ್ತದೆ. ಬೇಸಿಗೆಯಲ್ಲಿ ದೂಳು ಎಣ್ಣೆಯೊಂದಿಗೆ ಬೆರೆತು ಚೈನನ್ನು ಅರದಂತೆ ತಿನ್ನುತ್ತದೆ. ಕಸುವಿಗೇನೂ ಇಲ್ಲಿ ಬರವಿಲ್ಲ. ರಾಮದುರ್ಗ ತಾಲ್ಲೂಕಿನ ಚಂದರಗಿ ಕ್ರೀಡಾ ಶಾಲೆಯ ಮಕ್ಕಳು ರಾಜ್ಯಮಟ್ಟದ ಸೈಕ್ಲಿಂಗ್ ಸ್ಪರ್ಧೆಗಳಲ್ಲಿ ಹೆಸರು ಮಾಡಿದ್ದಾರೆ. ನೆರೆಯ ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಮಾತಂತೂ ಹೇಳಬೇಕಾಗಿಲ್ಲ. ಅಭ್ಯಾಸ, ತರಬೇತಿ, ನಂಬಬಹುದಾದ ಗಾಡಿ ಮೂರೂ ಕೂಡಿದರೆ ಈ ನೆಲದ ಮಕ್ಕಳು ಏನು ಮಾಡಬಲ್ಲರು ಎಂಬುದನ್ನು ಕಂಡಿದ್ದೇವೆ. ಶಾಲೆಯ ಆವರಣದ ಹೊರಗಿರುವವರ ಗತಿ ಏನು?

ಜಾತ್ರಾ ಸಮಿತಿಗಳು ಮನಸ್ಸು ಮಾಡಿದರೆ ಮಾಡಬಹುದಾದದ್ದು ಬಹಳವಿದೆ. ಟಗರಿನ ಕಾಳಗಕ್ಕೆ ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು ಎಂದು ಬಾಯಿ ತೆರೆದು ನೋಡಿ ವಿಂಗಡಿಸುವ ನಾವು, ಗೇರಿನ ಸೈಕಲ್ಲನ್ನೂ ಗೇರಿಲ್ಲದ ಸೈಕಲ್ಲನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸುತ್ತೇವೆ! 2006-07ರಿಂದ ಕೋವಿಡ್ ಬರುವವರೆಗೆ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಹಂಚಿತು. ಊರೂರಿನಲ್ಲಿ ನೂರಾರು ಮಕ್ಕಳ ಬಳಿ ಹೆಚ್ಚುಕಡಿಮೆ ಒಂದೇ ಬಗೆಯ ಗಾಡಿ ಇದ್ದ ಆ ಕಾಲದಲ್ಲಿ ಸಮಾನ ಪಂದ್ಯವೊಂದನ್ನು ಏರ್ಪಡಿಸಬೇಕೆಂದು ಎಷ್ಟು ಮಂದಿಗೆ ಹೊಳೆಯಿತೋ! ಈಗಲೂ ಗೇರಿಲ್ಲದ ಸೈಕಲ್ಲುಗಳಿಗೆ ಪ್ರತ್ಯೇಕ ವಿಭಾಗ ಮಾಡಬಹುದು. ಮೊದಲ ಬಹುಮಾನದಲ್ಲಿ ಒಂದಷ್ಟನ್ನು ಕಡಿತಗೊಳಿಸಿ, ಹಿಂದಿನ ದಿನ ಊರಿನ ಸೈಕಲ್ ಅಂಗಡಿಯವರನ್ನು ಕೂರಿಸಿ ಎಲ್ಲರ ಗಾಡಿಯನ್ನೂ ಸಮಿತಿಯ ಖರ್ಚಿನಲ್ಲಿ ಸರಿಪಡಿಸಿಕೊಡಬಹುದು.

ಅಂದು ಸಂಜೆ ಆ ಹುಡುಗ ಸೈಕಲ್ ತಳ್ಳಿಕೊಂಡು ಹೊರಟಿದ್ದ. ಫ್ರೀವೀಲ್ ಸವೆದದ್ದು ಮೊದಲೇ ಗೊತ್ತಿರಲಿಲ್ಲವೇ ಎಂದು ಕೇಳಿದೆ. ‘ಗೊತ್ತಿತ್ರಿ ಸರ್. ಅದಕ್ಕಂತ ಇಟ್ಟಿದ್ದ ರೊಕ್ಕಾನ ಪಂದ್ಯದ ಫೀಗೆ ಕೊಟ್ಟೆ’ ಎಂದ.