ಮೂರನೇ ವಲಯದ ಕೂಲಿ, ಮೊದಲನೇ ದರ್ಜೆಯ ಖರ್ಚು

ದಾಂಡೇಲಿ ಎಂದರೆ ಒಂದು ಕಾಲಕ್ಕೆ ಕಾಗದ ನೆನಪಾಗುತ್ತಿತ್ತು, ಈಗ ಕಾಳಿ ನದಿಯ ರಾಫ್ಟಿಂಗ್ ನೆನಪಾಗುತ್ತದೆ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಇವತ್ತಿಗೂ ನಡೆಯುತ್ತಿದೆ ನಿಜ. ಆದರೆ ಅದರ ಜೊತೆಜೊತೆಗೆ ಊರನ್ನು ಸಾಕುತ್ತಿದ್ದ ಪ್ಲೈವುಡ್ ಕಾರ್ಖಾನೆ, ಫೆರೋ ಅಲಾಯ್ಸ್ ಕಾರ್ಖಾನೆ ಎರಡೂ ಬಾಗಿಲು ಹಾಕಿ ಬಹಳ ಕಾಲವಾಯಿತು. ಅವು ತೆರವು ಮಾಡಿದ ಜಾಗವನ್ನು ರೆಸಾರ್ಟು, ಹೋಮ್‌ಸ್ಟೇಗಳು ತುಂಬಿಕೊಟ್ಟಿವೆ ಎಂದು ಪ್ರವಾಸೋದ್ಯಮದ ಸಭೆಗಳಲ್ಲಿ ಹೇಳುವುದುಂಟು. ಕಾರ್ಖಾನೆಯ ಕಾಯಂ ನೌಕರಿಗೆ ಒಂದು ಆಕಾರವಿತ್ತು: ಹಾಜರಿ ಪುಸ್ತಕದಲ್ಲಿ ಹೆಸರು, ಪಿಎಫ್, ಇಎಸ್‌ಐ, ಇರಲು ಕ್ವಾರ್ಟರ್ಸ್, ಕೆಲವು ವರ್ಷಕ್ಕೊಮ್ಮೆ ಯೂನಿಯನ್ನಿನವರು ಆಡಳಿತದ ಎದುರು ಕೂತು ಮಾಡಿಕೊಳ್ಳುವ ವೇತನ ಒಪ್ಪಂದ. ಗುತ್ತಿಗೆ ಕಾರ್ಮಿಕರಿಗೆ ಆಗಲೂ ಇದೆಲ್ಲ ಎಟುಕುತ್ತಿರಲಿಲ್ಲ, ಹಾಗಾಗಿ ಹಳೆಯ ಕಾಲವನ್ನು ಬಂಗಾರದ ಕಾಲ ಎನ್ನುವುದು ಬೇಡ. ಆದರೂ ಹೊಸ ಕಸುಬನ್ನು ಅಳೆಯಲು ಒಂದು ಅಳತೆಗೋಲು ಬೇಕಲ್ಲ. ಪ್ರವಾಸೋದ್ಯಮದಿಂದ ಎಷ್ಟು ಉದ್ಯೋಗ ಹುಟ್ಟಿತು ಎಂದು ಕೇಳುವವರು ಬೇಕಾದಷ್ಟು ಜನ ಇದ್ದಾರೆ. ಆ ಉದ್ಯೋಗ ಮಾಡಿಕೊಂಡು ಅದೇ ಊರಿನಲ್ಲಿ ಸಂಸಾರ ಸಾಗಿಸಬಹುದೇ ಎಂದು ಕೇಳುವವರು ಕಡಿಮೆ. ಸಾಗಿಸುವುದು ಕಷ್ಟ ಎಂಬುದು ನನ್ನ ವಾದ. ಅದಕ್ಕೆ ಮಾಲೀಕರ ಜಿಪುಣತನ ಒಂದೇ ಕಾರಣವಲ್ಲ. ಕೂಲಿಯನ್ನು ಲೆಕ್ಕ ಹಾಕುವ ಸರ್ಕಾರಿ ಕ್ರಮದಲ್ಲೇ ಎರಡು ತಪ್ಪು ಊಹೆಗಳು ಕೂತಿವೆ.

ಕನಿಷ್ಠ ವೇತನ ಯಾರೋ ಮನಸ್ಸಿಗೆ ಬಂದಂತೆ ಬರೆದ ಮೊತ್ತವಲ್ಲ. 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಅದಕ್ಕೊಂದು ಸೂತ್ರ ಹಾಕಿಕೊಟ್ಟಿತು. ದುಡಿಯುವವನೂ ಸೇರಿ ಒಂದು ಕುಟುಂಬಕ್ಕೆ ಮೂರು ಘಟಕದಷ್ಟು ಆಹಾರ, ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಉರುವಲು ಮತ್ತು ದೀಪದ ಖರ್ಚು ಎಲ್ಲ ಅದರಲ್ಲಿ ಬರುತ್ತವೆ. ಮಕ್ಕಳ ಓದು, ಔಷಧೋಪಚಾರ, ಹಬ್ಬಹರಿದಿನ, ಮುಪ್ಪಿನ ಕಾಲಕ್ಕೊಂದಿಷ್ಟು ಎಂದು ಇನ್ನೂ ಶೇ 25ರಷ್ಟನ್ನು ಸೇರಿಸಬೇಕೆಂದು ರೆಪ್ಟಾಕೋಸ್ ಬ್ರೆಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿತು. ಈ ಸೂತ್ರವನ್ನೇ ಹಿಡಿದು ಕರ್ನಾಟಕ ಸರ್ಕಾರ 2025ರ ಏಪ್ರಿಲ್‌ನಲ್ಲಿ ಒಂದು ಕರಡು ಪ್ರಕಟಿಸಿತು. ಕರಡಿನಲ್ಲಿ ರಾಜ್ಯಕ್ಕೆ ಮೂರು ವಲಯ. ಬೆಂಗಳೂರು ಮೊದಲನೆಯದು, ಜಿಲ್ಲಾ ಕೇಂದ್ರಗಳಂಥ ದೊಡ್ಡ ಊರುಗಳು ಎರಡನೆಯದು, ಉಳಿದದ್ದೆಲ್ಲ ಮೂರನೆಯದು. ಕೌಶಲವಿಲ್ಲದ ಕೆಲಸಕ್ಕೆ ಮೊದಲ ವಲಯದಲ್ಲಿ ತಿಂಗಳಿಗೆ ಸುಮಾರು 23,370 ರೂಪಾಯಿ, ಎರಡರಲ್ಲಿ 21,250, ಮೂರರಲ್ಲಿ 19,300. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ನಾಲ್ಕೂ ಈ ‘ಉಳಿದದ್ದೆಲ್ಲ’ದಲ್ಲಿ ಬರುತ್ತವೆ. ದೊಡ್ಡ ಊರಿನಿಂದ ದೂರ ಹೋದಷ್ಟೂ ಬದುಕು ಅಗ್ಗ ಎನ್ನುವುದು ಮೊದಲ ಊಹೆ.

ಇದನ್ನು ಒಂದೊಂದಾಗಿ ತೂಗಿ ನೋಡಬಹುದು. ನಂದಿನಿ ಹಾಲಿಗೆ 2025ರ ಏಪ್ರಿಲ್‌ನಿಂದ ಲೀಟರಿಗೆ 4 ರೂಪಾಯಿ ಏರಿತು. ಅದು ಬೆಂಗಳೂರಿನ ಜಯನಗರಕ್ಕೂ ಅಷ್ಟೇ, ಜೋಯಿಡಾದ ಗಣೇಶಗುಡಿಗೂ ಅಷ್ಟೇ. ಅದೇ ವರ್ಷ ಜನವರಿಯಲ್ಲಿ ಸರ್ಕಾರಿ ಬಸ್ಸಿನ ದರ ಶೇ 15ರಷ್ಟು ಹೆಚ್ಚಿತು. ಜೋಯಿಡಾದಂಥ ತಾಲ್ಲೂಕಿನಲ್ಲಿ ಊರಿಂದೂರಿಗೆ ಇರುವ ದೂರವೇ ಹೆಚ್ಚು, ಬಸ್ಸು ಕಡಿಮೆ. ಅದು ತಪ್ಪಿದರೆ ಬೈಕಿಗೆ ಪೆಟ್ರೋಲ್ ಹಾಕಿಸಲೇಬೇಕು. ಸೂತ್ರದಲ್ಲಿ ಶೇ 25 ಎಂದು ಎತ್ತಿಟ್ಟ ಓದು ಮತ್ತು ಔಷಧದ ಪಾಲಂತೂ ಇಲ್ಲಿ ನಗರಕ್ಕಿಂತ ಹೆಚ್ಚೇ ಬೀಳುತ್ತದೆ. ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಜಿಲ್ಲೆಯ ಜನ ದೊಡ್ಡದಾಗಿ ದನಿ ಎತ್ತಿದ್ದು ಸುಮ್ಮನೆ ಅಲ್ಲ. ಹೃದಯದ ತೊಂದರೆ, ತಲೆಗೆ ಪೆಟ್ಟು ಎಂದರೆ ದಾಂಡೇಲಿ, ಹಳಿಯಾಳದವರು ಧಾರವಾಡ, ಹುಬ್ಬಳ್ಳಿಗೆ ಓಡಬೇಕು, ಮುಂಡಗೋಡದವರಿಗೂ ಹುಬ್ಬಳ್ಳಿಯೇ ಗತಿ. ವಾಹನದ ಬಾಡಿಗೆ, ಜೊತೆಗೆ ಹೋದವರ ಊಟ, ತಪ್ಪಿದ ಕೂಲಿ ಎಲ್ಲ ಸೇರಿದರೆ ಚಿಕಿತ್ಸೆ ಪುಕ್ಕಟೆ ಸಿಕ್ಕರೂ ಕಿಸೆ ಖಾಲಿ. ಇದರ ಮೇಲೆ ಪ್ರವಾಸಿ ಊರಿಗೇ ವಿಶೇಷವಾದ ಇನ್ನೊಂದು ಭಾರವಿದೆ. ಒಂದು ಕೋಣೆಯನ್ನು ತಿಂಗಳ ಬಾಡಿಗೆಗೆ ಕೊಡುವ ಬದಲು ಎರಡು ವಾರಾಂತ್ಯಕ್ಕೆ ಕೊಟ್ಟರೆ ಲಾಭ ಎಂದಾದಾಗ ಮನೆಯ ಯಜಮಾನ ಯಾವುದನ್ನು ಆರಿಸುತ್ತಾನೆ ಎಂದು ಬೇರೆ ಹೇಳಬೇಕಿಲ್ಲ. ಬಾರ್ಸಿಲೋನಾ ನಗರಾಡಳಿತ 2028ರ ಹೊತ್ತಿಗೆ ಪ್ರವಾಸಿ ಅಪಾರ್ಟ್‌ಮೆಂಟುಗಳ ಪರವಾನಗಿಯನ್ನೇ ನಿಲ್ಲಿಸುತ್ತೇವೆ ಎಂದದ್ದು ಇದೇ ಕಾರಣಕ್ಕೆ. ಪ್ರವಾಸಿಯ ದುಡ್ಡಿನ ಎದುರು ಸ್ಥಳೀಯರ ಸಂಬಳ ಬಾಡಿಗೆಯ ಪೈಪೋಟಿಯಲ್ಲಿ ನಿಲ್ಲುವುದಿಲ್ಲ, ಊರು ಗೋಕರ್ಣವಾಗಲಿ ಗಣೇಶಗುಡಿಯಾಗಲಿ.

ಎರಡನೆಯ ಊಹೆ ಇದಕ್ಕಿಂತ ದೊಡ್ಡದು, ಆದರೆ ಅದರ ಬಗ್ಗೆ ಮಾತೇ ಇಲ್ಲ. ತಿಂಗಳ ಕನಿಷ್ಠ ವೇತನವನ್ನು 26ರಿಂದ ಭಾಗಿಸಿ ದಿನಗೂಲಿ ತೆಗೆಯುತ್ತಾರೆ. ಅಂದರೆ ತಿಂಗಳಲ್ಲಿ 26 ದಿನ ಕೆಲಸ ಸಿಗುತ್ತದೆ ಎಂದು ಲೆಕ್ಕ. ಕಾರ್ಖಾನೆಗೆ ಇದು ಸರಿ. ಕಾಳಿಯ ದಂಡೆಯಲ್ಲಿ ವಾರ ನಡೆಯುವ ರೀತಿಯೇ ಬೇರೆ. ಶುಕ್ರವಾರ ಇಳಿಹೊತ್ತಿನಿಂದ ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿ, ಪುಣೆಯ ಕಾರುಗಳು ಬರತೊಡಗುತ್ತವೆ. ಶನಿವಾರ ಅಡುಗೆಮನೆಯಲ್ಲಿ ಕೂರಲು ಪುರುಸೊತ್ತಿಲ್ಲ, ರಾತ್ರಿ ಬೆಂಕಿ ಹಾಕಿ ಹಾಡು ಕುಣಿತ ಮುಗಿದ ಮೇಲೆ ಪಾತ್ರೆ ತೊಳೆಯುವ ಹೆಂಗಸರಿಗೆ ಬಿಡುಗಡೆ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಕೋಣೆಗಳು ಖಾಲಿ. ಸೋಮವಾರ ಬೆಡ್‌ಶೀಟು, ಟವೆಲ್ಲು ಒಗೆದು ಒಣಹಾಕಲು ಇಬ್ಬರು ಸಾಕು. ಮಂಗಳವಾರದಿಂದ ಗುರುವಾರದವರೆಗೆ ಮ್ಯಾನೇಜರ ಫೋನು ಬಂದರೆ ಕೆಲಸ, ಬರದಿದ್ದರೆ ಇಲ್ಲ. ರಾಫ್ಟಿನ ಗೈಡುಗಳ ಪಾಡು ಇನ್ನೂ ಸೂಕ್ಷ್ಮ. ಸೂಪಾ ಅಣೆಕಟ್ಟೆಯ ಬುಡದ ವಿದ್ಯುದಾಗಾರದಲ್ಲಿ ಟರ್ಬೈನು ತಿರುಗಿ ನೀರು ಹೊಳೆಗೆ ಬಂದರೆ ಅವರಿಗೆ ಅನ್ನ. ನೀರು ಯಾವಾಗ ಬಿಡಬೇಕೆಂಬುದು ರಾಜ್ಯದ ವಿದ್ಯುತ್ ಬೇಡಿಕೆಗೆ ಬಿಟ್ಟದ್ದು, ರಾಫ್ಟಿನವರನ್ನು ಕೇಳಿ ಬಿಡುವುದಲ್ಲ. ಮಳೆಗಾಲದಲ್ಲಿ ರಾಫ್ಟಿಂಗ್ ಬಂದ್. ನಡುವೆ ಎಲ್ಲೋ ಒಂದು ಅವಘಡವಾದರೆ ಜಲಕ್ರೀಡೆಗೆ ತಡೆ. ಒಬ್ಬರು ನಿಯಮ ಮೀರಿದರೂ ಕೂಲಿ ತಪ್ಪುವುದು ಎಲ್ಲರಿಗೆ.

ಈಗ ಲೆಕ್ಕ ಹಾಕೋಣ. ಕರಡಿನ ಮೂರನೇ ವಲಯದ ದರವನ್ನು ಪೈಸೆಯೂ ಬಿಡದೆ ಕೊಟ್ಟರು ಎಂದೇ ಇಟ್ಟುಕೊಳ್ಳಿ. ದಿನಕ್ಕೆ ಸುಮಾರು 742 ರೂಪಾಯಿ. ವಾರಕ್ಕೆ ಮೂರು ದಿನದಂತೆ ತಿಂಗಳಿಗೆ ಹದಿಮೂರು ದಿನ ಕೆಲಸ ಸಿಕ್ಕರೆ ಕೈಗೆ ಬರುವುದು 9,650ರ ಆಸುಪಾಸು. ಅದನ್ನು 26 ದಿನಕ್ಕೆ ಹಂಚಿದರೆ ದಿನಕ್ಕೆ 371. ಉದ್ಯೋಗ ಖಾತ್ರಿಯಲ್ಲಿ ಮಣ್ಣು ಹೊತ್ತವರಿಗೆ 2025-26ನೇ ಸಾಲಿಗೆ ಕರ್ನಾಟಕದಲ್ಲಿ ನಿಗದಿಯಾದ ಕೂಲಿ 370 ರೂಪಾಯಿ. ಹೊಟೇಲ್ ಕೆಲಸದ ಕನಿಷ್ಠ ವೇತನ ಕಾಗದದ ಮೇಲೆ ಅದರ ಎರಡು ಪಟ್ಟಿದ್ದರೂ ತಿಂಗಳ ಕೊನೆಗೆ ಎರಡೂ ಒಂದೇ ಕಡೆ ಬಂದು ನಿಲ್ಲುತ್ತವೆ. ಇದು ಕಾನೂನನ್ನು ಮುರಿದಾಗ ಆಗುವ ಕಥೆಯಲ್ಲ, ಅಕ್ಷರಶಃ ಪಾಲಿಸಿದಾಗ ಆಗುವ ಕಥೆ.

‘ಸ್ಥಳೀಯರು ಕೆಲಸಕ್ಕೇ ಬರುವುದಿಲ್ಲ, ಬಂದರೂ ನಾಲ್ಕು ದಿನ ನಿಲ್ಲುವುದಿಲ್ಲ’ ಎಂಬುದು ಮಾಲೀಕರ ಮೊದಲ ಆಕ್ಷೇಪ. ಇದರಲ್ಲಿ ಅರ್ಧ ಸತ್ಯವಿದೆ. ಈ ನಾಲ್ಕು ತಾಲ್ಲೂಕಿನ ಹುಡುಗರು ಸೋಮಾರಿಗಳಾಗಿದ್ದರೆ ಗೋವಾದ ಕಟ್ಟಡದ ಕೆಲಸ, ಹೊಟೇಲ್ ಕೆಲಸಕ್ಕೆ ಹೋಗುತ್ತಿರಲಿಲ್ಲ. ಜೋಯಿಡಾದ ರಾಮನಗರ ಭಾಗದಿಂದ ಅನಮೋಡ ಘಾಟಿ ಇಳಿದರೆ ಗೋವಾ. ಹಳಿಯಾಳದಲ್ಲಿ ಕಬ್ಬಿನ ಹಂಗಾಮು, ಭತ್ತದ ಕೊಯ್ಲು ಎರಡೂ ಪ್ರವಾಸಿ ಹಂಗಾಮಿನ ಹೊತ್ತಿಗೇ ಬರುತ್ತವೆ. ಮುಂಡಗೋಡದವರಿಗೆ ಹುಬ್ಬಳ್ಳಿ ಹತ್ತಿರ, ಟಿಬೆಟನ್ ಕ್ಯಾಂಪಿನ ಹೊಲಗಳಲ್ಲಿಯೂ ಕೂಲಿ ಸಿಗುತ್ತದೆ. ದುಡಿಯುವವನು ಪೂರ್ತಿ ವಾರದ ಕೆಲಸ ಎಲ್ಲಿದೆಯೋ ಅಲ್ಲಿಗೆ ಹೋಗುತ್ತಾನೆ. ಆದ್ದರಿಂದಲೇ ‘ಸ್ಥಳೀಯರಿಗೆ ಮೀಸಲು’ ಎಂಬ ಪರಿಹಾರ ನನಗೆ ಅಷ್ಟಾಗಿ ರುಚಿಸುವುದಿಲ್ಲ. 2024ರ ಜುಲೈನಲ್ಲಿ ಸಂಪುಟ ಒಪ್ಪಿದ ಸ್ಥಳೀಯರ ಮೀಸಲಾತಿ ಮಸೂದೆಯಲ್ಲಿ ಆಡಳಿತೇತರ ಹುದ್ದೆಗಳಿಗೆ ಶೇ 70 ಎಂದಿತ್ತು. ಉದ್ಯಮಿಗಳ ಗದ್ದಲಕ್ಕೆ ಎರಡೇ ದಿನದಲ್ಲಿ ಅದು ತಡೆಹಿಡಿಯಲ್ಪಟ್ಟಿತು. ಜಾರಿಯಾಗಿದ್ದರೂ ಇಲ್ಲಿ ಮೀಸಲಾಗುತ್ತಿದ್ದದ್ದು ವಾರಕ್ಕೆ ಮೂರು ದಿನದ ಕೆಲಸ. ಹೊರ ರಾಜ್ಯದಿಂದ ಬಂದು ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಮಲಗುವ ಹುಡುಗನನ್ನು ದೂರಿ ಪ್ರಯೋಜನವಿಲ್ಲ, ಅವನದ್ದೂ ಇದೇ ಲೆಕ್ಕ.

‘ಊಟ ವಸತಿ ಕೊಡುತ್ತೇವಲ್ಲ’ ಎಂಬ ಮಾತು ಇಲ್ಲಿಗೇ ಸೇರುತ್ತದೆ. ಒಂಟಿಯಾಗಿ ಬಂದವನಿಗೆ ಅದು ದೊಡ್ಡ ಅನುಕೂಲ. ಊರಲ್ಲೇ ಸಂಸಾರ ಇರುವ ಹೆಂಗಸಿಗೆ ರೆಸಾರ್ಟಿನ ಊಟದಿಂದ ಉಳಿಯುವುದು ಮನೆಯ ಒಂದು ತಟ್ಟೆ ಮಾತ್ರ. ಸೂತ್ರ ಹೇಳಿದ್ದು ಮೂರು ಘಟಕದ ಆಹಾರ. ಇನ್ನು, ಕೂಲಿ ಹೆಚ್ಚಿಸಿದರೆ ಸಣ್ಣ ಹೋಮ್‌ಸ್ಟೇಗಳು ಮುಚ್ಚಿಹೋಗುತ್ತವೆ ಎಂಬ ಆತಂಕ. ಇದನ್ನು ಹಗುರವಾಗಿ ತಳ್ಳಿಹಾಕಲಾಗದು, ಆನ್‌ಲೈನ್ ಬುಕಿಂಗ್ ಕಂಪನಿಗಳಿಗೆ ಕಮಿಷನ್ ಕೊಟ್ಟು ಉಳಿಯುವುದೇನು ಎಂಬ ಅವರ ಗೋಳು ಸುಳ್ಳಲ್ಲ. ಆದರೆ ಮನೆಮಂದಿಯೇ ದುಡಿಯುವ ನಾಲ್ಕು ಕೋಣೆಯ ಹೋಮ್‌ಸ್ಟೇಗೆ ಸಂಬಳದ ಪಟ್ಟಿಯೇ ಉದ್ದವಿರುವುದಿಲ್ಲ, ಹೊರೆ ಬೀಳುವುದು ಆಳುಗಳನ್ನು ಇಟ್ಟು ನಡೆಸುವ ದೊಡ್ಡವರ ಮೇಲೆ. ಅವರಿಗೂ ಸರ್ಕಾರ ಕೈ ನೀಡದೆ ಇಲ್ಲ. 7,500 ರೂಪಾಯಿವರೆಗಿನ ಕೋಣೆಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ 5ಕ್ಕೆ ಇಳಿಯಿತು. ಪ್ರವಾಸಿಗೆ ಎಷ್ಟು ಉಳಿಯಿತು, ಮಾಲೀಕನಿಗೆ ಎಷ್ಟು ಉಳಿಯಿತು ಎಂದು ಚರ್ಚೆಯಾಯಿತು. ಕೋಣೆ ಗುಡಿಸುವವಳ ಪಾಲು ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಕಾಡಂಚಿನವರಿಗೆ ಅಕ್ಕಿ ಮನೆಯದು, ಕಟ್ಟಿಗೆ ಕಾಡಿನದು, ಖರ್ಚೇನಿದೆ ಎನ್ನುವವರೂ ಇದ್ದಾರೆ. 2007ರಲ್ಲಿ ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶವಾದ ಮೇಲೆ, 2015ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂದ ಮೇಲೆ, ಕಾಡಿನ ಬಾಗಿಲು ಮೊದಲಿನಂತೆ ತೆರೆದಿಲ್ಲ. ಪರಿಹಾರ ಪಡೆದು ಒಳಗಿನ ಊರು ಬಿಟ್ಟು ಬಂದ ಕುಟುಂಬಗಳಿಗೆ ಅಕ್ಕಿ, ಕಟ್ಟಿಗೆ, ತರಕಾರಿ ಎಲ್ಲವೂ ಅಂಗಡಿಯ ಸಾಮಾನು. ಗ್ಯಾರಂಟಿ ಯೋಜನೆಗಳಿವೆಯಲ್ಲ ಎಂಬ ವಾದವೂ ಇದೆ. ಗೃಹಲಕ್ಷ್ಮಿಯ ಎರಡು ಸಾವಿರ, ಶಕ್ತಿಯ ಉಚಿತ ಬಸ್ಸು ಈ ಮನೆಗಳಿಗೆ ದೊಡ್ಡ ಆಸರೆ, ನಾನು ಅದನ್ನು ಮುಕ್ತವಾಗಿ ಒಪ್ಪುತ್ತೇನೆ. ಆದರೆ ಸರ್ಕಾರ ಕೊಡುವ ಎರಡು ಸಾವಿರವನ್ನು ತೋರಿಸಿ ಸಂಬಳದಲ್ಲಿ ಎರಡು ಸಾವಿರ ಕಡಿಮೆ ಕೊಟ್ಟರೂ ನಡೆಯುತ್ತದೆ ಎನ್ನುವುದಾದರೆ, ಆ ಹಣ ಹೋದದ್ದು ಮಹಿಳೆಗಲ್ಲ, ರೆಸಾರ್ಟಿಗೆ.

ಹಾಗಾದರೆ ಆಗಬೇಕಾದದ್ದೇನು? ಕೆಲಸವಿಲ್ಲದ ತಿಂಗಳಿಗೆ ಆಸರೆ ಕೊಡುವುದು ನಮ್ಮ ಜಿಲ್ಲೆಗೆ ಹೊಸ ವಿಚಾರವಲ್ಲ. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆ ನಿಷೇಧವಿರುತ್ತದೆ. ಅಂಥ ದಿನಗಳಿಗೆಂದೇ ಮೀನುಗಾರರಿಗೆ ಉಳಿತಾಯ-ಪರಿಹಾರ ಯೋಜನೆಯಿದೆ. ಮೀನುಗಾರ 1,500 ರೂಪಾಯಿ ಕಟ್ಟಿದರೆ ಕೇಂದ್ರ, ರಾಜ್ಯಗಳು ತಲಾ ಅಷ್ಟೇ ಸೇರಿಸಿ 4,500 ಕೊಡುತ್ತವೆ. ಮೊತ್ತ ಚಿಕ್ಕದು, ಆದರೆ ತತ್ವ ಒಪ್ಪಿತವಾಗಿದೆ. ಘಟ್ಟದ ಕೆಳಗೆ ಅದೇ ಮಳೆಗೆ ದೋಣಿ ದಡಕ್ಕೆ ಎಳೆದವನಿಗೆ ಸಲ್ಲುವುದು ಘಟ್ಟದ ಮೇಲೆ ರಾಫ್ಟನ್ನು ಶೆಡ್ಡಿಗೆ ಹಾಕಿದವನಿಗೆ ಯಾಕೆ ಸಲ್ಲಬಾರದು? ಸ್ಪೇನ್ ಒಂದು ಹೆಜ್ಜೆ ಮುಂದಿದೆ. ಅಲ್ಲಿ ಹಂಗಾಮಿನ ಕೆಲಸದವರನ್ನೂ ಕಾಯಂ ಎಂದೇ ನೇಮಿಸಿಕೊಳ್ಳುವ ಕರಾರು ಇದೆ. ಕೆಲಸ ಇಲ್ಲದ ತಿಂಗಳು ಸಂಬಳ ಇಲ್ಲ, ಆದರೆ ಮುಂದಿನ ಹಂಗಾಮು ಶುರುವಾದಾಗ ಅದೇ ನೌಕರನನ್ನು ಕರೆಯಲೇಬೇಕು, ಸೇವೆಯ ಹಿರಿತನವೂ ಉಳಿಯುತ್ತದೆ. ಇಲ್ಲಿ ರೆಸಾರ್ಟಿನ ಪರವಾನಗಿ ನವೀಕರಿಸುವಾಗ ಹಾಜರಿ ಮತ್ತು ವೇತನದ ಪುಸ್ತಕವನ್ನೂ ಕೇಳಿದರೆ ಅಂಥದ್ದಕ್ಕೆ ಒಂದು ಬುನಾದಿ ಸಿಕ್ಕೀತು. ಯಾರು ಎಷ್ಟು ದಿನ ದುಡಿದರು ಎಂಬ ದಾಖಲೆಯೇ ಇಲ್ಲದೆ ಯಾವ ಆಸರೆಯನ್ನೂ ಹಂಚಲಾಗದು.

ಅದಕ್ಕೆಲ್ಲ ಕಾಲ ಹಿಡಿಯುತ್ತದೆ. ವಲಯದ ವಿಷಯಕ್ಕೆ ಹಿಡಿಯಬೇಕಿಲ್ಲ. ದಾಂಡೇಲಿ, ಜೋಯಿಡಾ, ಗೋಕರ್ಣ, ಮುರ್ಡೇಶ್ವರದಂಥ ಪ್ರವಾಸಿ ಊರುಗಳ ಹೊಟೇಲು, ರೆಸಾರ್ಟುಗಳನ್ನು ಮೂರನೆಯ ವಲಯದಿಂದ ತೆಗೆದು ಎರಡನೆಯದಕ್ಕೆ ಸೇರಿಸಿದರೆ ಕರಡಿನ ಲೆಕ್ಕದಲ್ಲಿ ತಿಂಗಳಿಗೆ ಹೆಚ್ಚಾಗುವುದು 1,950 ರೂಪಾಯಿಯಷ್ಟು. ಅದಕ್ಕೆ ವಿಧಾನಸೌಧದಲ್ಲಿ ಹೊಸ ಕಾಯ್ದೆ ಪಾಸಾಗಬೇಕಾಗಿಲ್ಲ, ಕಾರ್ಮಿಕ ಇಲಾಖೆಯ ಒಂದು ಅಧಿಸೂಚನೆ ಸಾಕು.