ಮೆಚ್ಚಬೇಕಾದ್ದು ಯಾರನ್ನು?

ಹಳೆಯ ಕಂಪ್ಯೂಟರುಗಳ ಮಾತು ಬಂದಾಗಲೆಲ್ಲ, "ಡಾಸ್‌ಗೆ ಒಂದೇ ಕೆಲಸ ಬರುತ್ತಿತ್ತೆಂದು ಯಾರು ಹೇಳಿದರು? ಅದರಲ್ಲೇ ನಾವು ಏಕಕಾಲಕ್ಕೆ ನಾಲ್ಕು ಕೆಲಸ ನಡೆಸಿದ್ದೇವೆ" ಎಂದು ಬೀಗುವ ಮಹನೀಯರಿದ್ದಾರೆ. ನಡೆಸಿದ್ದು ನಿಜ. ಆದರೆ ಆ ಕೀರ್ತಿಯನ್ನು ಡಾಸ್‌ನ ತಲೆಗೆ ಕಟ್ಟುವುದಕ್ಕೆ ನನ್ನ ಸಮ್ಮತಿಯಿಲ್ಲ.

1981ರಲ್ಲಿ ಐಬಿಎಂ ಪಿಸಿಯೊಡನೆ ಬಂದ ಮೈಕ್ರೋಸಾಫ್ಟ್‌ನ ಈ ವ್ಯವಸ್ಥೆ, ಇಡೀ ಯಂತ್ರವನ್ನು ಒಂದು ಪ್ರೋಗ್ರಾಮಿಗೆ ಒಪ್ಪಿಸಿ ಸುಮ್ಮನಾಗುತ್ತಿತ್ತು. ಮುಗಿದ ಪ್ರೋಗ್ರಾಮು ಮೆಮೊರಿಯಲ್ಲೇ ಉಳಿಯಲು ಅದು ಅನುಮತಿ ಕೊಟ್ಟಿತ್ತು. ಎದ್ದು ಬಂದು ಕೆಲಸ ಮಾಡುವ ಸುರಕ್ಷಿತ ದಾರಿಯನ್ನು ತಿಳಿಸಿರಲಿಲ್ಲ. ಆ ದಾರಿಯನ್ನು ಕಡಿದವರು ಹೊರಗಿನ ಪ್ರೋಗ್ರಾಮರುಗಳು. ಸೆಕೆಂಡಿಗೆ ಸುಮಾರು 18 ಸಲ ಬರುವ ಗಡಿಯಾರದ ಸಂಕೇತವನ್ನೂ ಕೀಲಿಮಣೆಯ ಸಂಕೇತವನ್ನೂ ಅವರು ನಡುದಾರಿಯಲ್ಲಿ ಹಿಡಿದರು. 1984ರಲ್ಲಿ ಬಂದ ಸೈಡ್‌ಕಿಕ್ ಹೀಗೆಯೇ, ಪತ್ರ ಬರೆಯುತ್ತಿದ್ದವನ ಎದುರು ಕೀಲಿ ಒತ್ತಿದೊಡನೆ ಲೆಕ್ಕದ ಯಂತ್ರವನ್ನೂ ಟಿಪ್ಪಣಿ ಪುಸ್ತಕವನ್ನೂ ತೆರೆದಿಡುತ್ತಿತ್ತು.

ಆದರೆ ಡಾಸ್ ಡಿಸ್ಕಿನ ಕೆಲಸದಲ್ಲಿರುವಾಗ ನಡುವೆ ನುಗ್ಗಿ ಅದನ್ನೇ ಮತ್ತೆ ಕರೆದರೆ ಯಂತ್ರ ಸ್ತಬ್ಧವಾಗಬಹುದಿತ್ತು, ಕಡತ ಕೆಡಬಹುದಿತ್ತು. ಡಾಸ್ ಬಿಡುವಾಗಿದೆಯೇ ಎಂದು ತಿಳಿಸುವ ಗುರುತೊಂದು ಅದರೊಳಗೇ ಇತ್ತು. ಹಿನ್ನೆಲೆಯಲ್ಲಿ ಮುದ್ರಿಸುವ ಡಾಸ್‌ನ ಸ್ವಂತ ಪ್ರಿಂಟ್ ಆಜ್ಞೆ ಈ ಒಳಗುಟ್ಟುಗಳನ್ನು ಬಳಸಿಕೊಂಡಿತು. ಕೈಪಿಡಿ ಮಾತ್ರ ವರ್ಷಗಟ್ಟಲೆ ಬಾಯಿ ಬಿಡಲಿಲ್ಲ! ಮನೆಯವರಿಗೆ ಗೊತ್ತಿರುವ ಬಾಗಿಲನ್ನು ಅತಿಥಿಗಳು ಗೋಡೆ ತಡವಿ ಹುಡುಕಬೇಕಾಯಿತು. ಇದು ಯಾವ ನ್ಯಾಯ?

ಅಷ್ಟಕ್ಕೇ ಮುಗಿಯಲಿಲ್ಲ. ಒಂದೇ ಕೀಲಿಗೆ ಇಬ್ಬರು ಕೈಚಾಚಿದರೆ ತೀರ್ಪು ಹೇಳುವವರಿಲ್ಲ. 640 ಕಿಲೋಬೈಟಿನ ಇಕ್ಕಟ್ಟಿನಲ್ಲಿ ಒಬ್ಬರ ಜಾಗಕ್ಕೆ ಇನ್ನೊಬ್ಬರು ಕಾಲಿಟ್ಟರೆ ತಡೆಯುವವರಿಲ್ಲ.

ಚಿಪ್ಪೇ ದುರ್ಬಲವಾಗಿತ್ತು, ಡಾಸ್ ಏನು ಮಾಡೀತು ಎಂಬ ಸಮಾಧಾನವನ್ನೂ ಕೇಳಿದ್ದೇನೆ. ಜಾಗ ಕಾಯುವ ಶಕ್ತಿ ಆ ಚಿಪ್ಪಿಗೆ ಇರಲಿಲ್ಲ, ಒಪ್ಪಿದೆ. ಆದರೆ ಸರದಿ ಹಂಚುವುದಕ್ಕೆ ಅಡ್ಡಿಯೇನಿತ್ತು? 1980ರ ದಶಕದ ಮೊದಲ ಭಾಗದಲ್ಲೇ ಡಿಜಿಟಲ್ ರಿಸರ್ಚ್ ಸಂಸ್ಥೆಯ ಕನ್‌ಕರೆಂಟ್ ಸಿಪಿ/ಎಂ-86 ಅದೇ ಪಿಸಿಯಲ್ಲಿ ಹಲವು ಪ್ರೋಗ್ರಾಮುಗಳನ್ನು ಸರದಿಯಂತೆ ನಡೆಸಿತ್ತು.

ನನ್ನ ವಾದ ಇಷ್ಟೆ: ಎಲ್ಲರೂ ಸಭ್ಯರಾಗಿರುತ್ತಾರೆಂಬ ನೆಚ್ಚಿಕೆಯ ಮೇಲೆ ನಿಂತದ್ದು ವ್ಯವಸ್ಥೆಯಲ್ಲ. 1990ರ ವಿಂಡೋಸ್ 3.0 ಕೂಡ, ತನ್ನ ಪ್ರೋಗ್ರಾಮುಗಳು ತಾವಾಗಿ ಸರದಿ ಬಿಟ್ಟುಕೊಟ್ಟಾವೆಂದು ಕಾಯುತ್ತಿತ್ತು. ತೂತು ದೋಣಿಯಲ್ಲಿ ಹೊಳೆ ದಾಟಿಸಿದ ಅಂಬಿಗನನ್ನು ಹೊಗಳೋಣ, ದೋಣಿಯನ್ನಲ್ಲ.