ಅಂಗೈಯಲ್ಲಿ ಅಂಗಡಿ, ಅಂಗಳದಲ್ಲಿ ಸಾಲ



ದೀಪಾವಳಿ ರಜೆಯಲ್ಲಿ ನನ್ನ ತಂಗಿಯ ಮಗಳು ಕಾರ್ಕಳ ತಾಲೂಕಿನ ನಮ್ಮ ಮನೆಗೆ ಬಂದಿದ್ದಳು. ಮಣಿಪಾಲದ ಒಂದು ಕಾಲೇಜಿನಲ್ಲಿ ಡಿಗ್ರಿ ಓದುತ್ತಾಳೆ. ಮಾಧ್ಯಮ, ತಂತ್ರಜ್ಞಾನ ಮತ್ತು ಗ್ರಾಹಕ ಎಂಬ ವಿಷಯದ ಮೇಲೆ ಕಾಲೇಜಿಗೆ ಒಂದು ಪ್ರಬಂಧ ಬರೆದುಕೊಡಬೇಕಿತ್ತಂತೆ. ಏಣೇಲು ಕೊಯ್ಲು ಮುಗಿದು ಭತ್ತ ಅಂಗಳದಲ್ಲಿ ಒಣಗಲು ಹಾಕಿತ್ತು. ಕೋಳಿ ಓಡಿಸಲು ಕೂತಲ್ಲೇ ಅವಳು ಬರೆದಳು, ಬರೆದದ್ದನ್ನು ನನಗೆ ಓದಿ ಹೇಳಿದಳು. ನಾನು ಹಳ್ಳಿಯ ಹೈಸ್ಕೂಲು ಮುಗಿಸಿದ ಮೇಲೆ ಪುಸ್ತಕ ಮಡಚಿ ನೊಗ ಹಿಡಿದವನು. ಮಾಧ್ಯಮ ಗೀಧ್ಯಮ ನಮಗೆ ಎಂತದು ಎಂದುಕೊಂಡೇ ಕೇಳಲು ಕೂತೆ. ಮುಗಿಯುವಷ್ಟರಲ್ಲಿ, ಇದು ಇಷ್ಟು ವರ್ಷದಿಂದ ನಾವು ಸಭೆ ಸಭೆಗಳಲ್ಲಿ ಗಂಟಲು ಹರಿದುಕೊಂಡು ಹೇಳುತ್ತಿರುವ ಬೆಲೆ ಮತ್ತು ಸಾಲದ ಮಾತೇ ಎಂದು ಗೊತ್ತಾಯಿತು. ಅದಕ್ಕೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಅವಳು ಒಂದು ದಿನದ ಲೆಕ್ಕ ಬರೆದಿದ್ದಳು. ಬೆಳಿಗ್ಗೆ ಕಾಪು ತಾಲೂಕಿನ ಶಂಕರಪುರದಲ್ಲಿ ಬಸ್ಸು ಹತ್ತಿ, ಕಟಪಾಡಿ ಉಡುಪಿ ದಾಟಿ ಮಣಿಪಾಲ ಸೇರಿ, ರಾತ್ರಿ ಮಲಗುವ ತನಕ ಫೋನಿನಲ್ಲಿ ಕಂಡ ಜಾಹೀರಾತುಗಳನ್ನು ಎಣಿಸಲು ಹೊರಟಳಂತೆ. ನೂರು ದಾಟಿದ ಮೇಲೆ ಬಿಟ್ಟುಬಿಟ್ಟಳಂತೆ. ಹೊಸ ಫೋನು, ಮುಖಕ್ಕೆ ಹಚ್ಚುವ ಕ್ರೀಮು, ಚಪ್ಪಲಿ, ಅದರ ಬೆನ್ನಿಗೇ "ಹಣ ಇಲ್ಲವೇ? ಐದು ನಿಮಿಷದಲ್ಲಿ ಸಾಲ" ಎಂಬ ಇನ್ನೊಂದು. ಮಾಲು ತೋರಿಸುವುದೂ ಅದೇ ಫೋನು, ಸಾಲ ತೋರಿಸುವುದೂ ಅದೇ ಫೋನು.

ಅದೇ ಬೆಳಿಗ್ಗೆ ಅವಳ ತಾಯಿಯ ಫೋನಿಗೂ ಒಂದು ಸುದ್ದಿ ಬರುತ್ತದೆ. ಅದು ಮಲ್ಲಿಗೆಯ ದರ. ನನ್ನ ತಂಗಿ ಬೆಳಕು ಹರಿಯುವ ಮೊದಲೇ ಎದ್ದು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಕೊಟ್ಟವಳು. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಹೂ ಕಮ್ಮಿ ಇದ್ದ ದಿನ ಅಟ್ಟೆಯ ದರ ಏರುತ್ತದೆ, ಗಿಡ ತುಂಬ ಹೂ ಬಿಟ್ಟ ದಿನ ಇಳಿಯುತ್ತದೆ. ಇದನ್ನೆಲ್ಲ ಬರೆದು ಹುಡುಗಿ ಕೊನೆಗೆ ಹೇಳಿದ್ದು ಇಷ್ಟು: "ಅಮ್ಮನ ಫೋನಿಗೆ ಬರುವುದೂ ದರ, ನನ್ನ ಫೋನಿಗೆ ಬರುವುದೂ ದರ. ನನಗೆ ಬರುವುದು ಮಾರುವವರು ಇಟ್ಟ ದರ. ಅಮ್ಮನಿಗೆ ಬರುವುದು ಕೊಳ್ಳುವವರು ಇಟ್ಟ ದರ."

ಈ ಒಂದು ಮಾತನ್ನು ಸ್ವಲ್ಪ ಯೋಚಿಸಿ ನೋಡಿ. ಸಾಬೂನು ಮಾಡಿದವನು ಅದರ ಮೇಲೆ ಬೆಲೆ ಮುದ್ರಿಸಿಯೇ ಅಂಗಡಿಗೆ ಕಳಿಸುತ್ತಾನೆ. ಭತ್ತ ಬೆಳೆದವನು "ಎಷ್ಟು ಕೊಡ್ತೀರಿ?" ಎಂದು ಕೇಳಬೇಕು. ಉಡುಪಿ ಮಲ್ಲಿಗೆಗೂ ಮಟ್ಟುಗುಳ್ಳಕ್ಕೂ ಭೌಗೋಳಿಕ ಗುರುತು ಸಿಕ್ಕಿದೆ, ಸಂತೋಷ. ಹೆಸರಿಗೆ ಗುರುತು ಬಂದರೆ ಆಯಿತೇ? ಬೆವರಿಗೆ ಬೆಲೆ ಬರಬೇಡವೇ?

ಲೆಕ್ಕವನ್ನೇ ಹಾಕೋಣ. 2025-26ರ ಹಂಗಾಮಿಗೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ. ಕಾಲೇಜು ಹುಡುಗರ ಕೈಯಲ್ಲಿ ಇರುವ 24,000 ರೂಪಾಯಿಯ ಒಂದು ಫೋನು ಎಂದರೆ ಸುಮಾರು ಹತ್ತು ಕ್ವಿಂಟಲ್ ಭತ್ತ. ಒಳ್ಳೆಯ ವರ್ಷವಾದರೆ ನನ್ನ ಒಂದು ಎಕರೆ ಗದ್ದೆಯಲ್ಲಿ ಹದಿನೈದು ಹದಿನಾರು ಕ್ವಿಂಟಲ್ ಆಗುತ್ತದೆ. ಎಂದರೆ ಅರ್ಧ ಎಕರೆಗಿಂತ ಹೆಚ್ಚಿನ ಗದ್ದೆಯ ಒಂದು ಇಡೀ ಬೆಳೆ ಆ ಹುಡುಗನ ಕಿಸೆಯಲ್ಲಿ ಕೂತಿದೆ. ಇನ್ನೂ ಉಳುಮೆ, ನಾಟಿ, ಗೊಬ್ಬರ, ಕೊಯ್ಲಿನ ಯಂತ್ರದ ಬಾಡಿಗೆ ಕಳೆದಿಲ್ಲ. ಆ ಬೆಂಬಲ ಬೆಲೆಯಾದರೂ ಕೈಗೆ ಬರುತ್ತದೆಯೇ? ಕರಾವಳಿಯಲ್ಲಿ ಅಕ್ಟೋಬರಿನಲ್ಲೇ ಕೊಯ್ಲು. ಖರೀದಿ ಕೇಂದ್ರ ಬಾಗಿಲು ತೆರೆಯುವಷ್ಟರಲ್ಲಿ, ಒಣಗಿಸಿ ಇಡಲು ಜಾಗವಿಲ್ಲದವನ ಭತ್ತ ಮಿಲ್ಲಿಗೆ ಹೋಗಿ ಆಗಿರುತ್ತದೆ.

ಇಷ್ಟು ಕೇಳಿ ನನಗೆ ಸಿಟ್ಟು ಬಂತು. "ಹಾಗಾದರೆ ಆ ಫೋನನ್ನು ಬಾವಿಗೆ ಬಿಸಾಡು ಮಗಾ" ಎಂದೆ. ಅವಳು ನಕ್ಕು, "ಮಾವ, ನಿಮ್ಮ ಟಿವಿಯ ಕತೆ ಅಮ್ಮ ಹೇಳಿದ್ದಾರೆ" ಎಂದಳು. ನಾನು ಬಾಯಿ ಮುಚ್ಚಿದೆ. ನಿಮ್ಮ ಹತ್ತಿರ ಮುಚ್ಚಿಡುವುದು ಎಂತಕ್ಕೆ? 1991ರಲ್ಲಿ ಕರಿಮೆಣಸು ಮಾರಿದ ಹಣ ಕೈಗೆ ಬಂದಾಗ, ಸೊಸೈಟಿಯ ಬೆಳೆಸಾಲದ ಕಂತು ಬಾಕಿ ಇಟ್ಟು ಟಿವಿ ತಂದವನು ನಾನೇ. ಪಕ್ಕದ ಮನೆಯ ಜಗಲಿಯಲ್ಲಿ ನಿಂತು ಟಿವಿ ನೋಡುವ ಅವಮಾನ ನನ್ನ ಮಕ್ಕಳಿಗೆ ಬೇಡ ಎಂದು ಕಂಡಿತ್ತು. ಆ ಕಂತು ತೀರಿಸಲು ಮುಂದೆ ಒಂದು ಹಸು ಮಾರಿದೆ. ಹಾಗಾಗಿ ಇಂದಿನ ಮಕ್ಕಳು ಹಾಳಾದರು ಎಂದು ಭಾಷಣ ಮಾಡುವ ಯೋಗ್ಯತೆ ನನಗಿಲ್ಲ. ಫೋನಿನಿಂದ ಉಪಕಾರವೂ ಉಂಟು. ಪಹಣಿ ನೋಡಬಹುದು, ಮಳೆಯ ಮುನ್ಸೂಚನೆ ತಿಳಿಯಬಹುದು, ಅಡಿಕೆಯ ಇಂದಿನ ಧಾರಣೆ ಮನೆಯಲ್ಲೇ ಗೊತ್ತಾಗುತ್ತದೆ.

ಆದರೆ ಅಂದಿಗೂ ಇಂದಿಗೂ ಒಂದು ವ್ಯತ್ಯಾಸ ಉಂಟು. ನಾನು ಸಾಲ ಕೇಳಲು ಹೋದರೆ ನಾಲ್ಕು ಜನರ ಮುಂದೆ ನಿಲ್ಲಬೇಕಿತ್ತು. ಜಾಮೀನುದಾರ "ಇದೆಲ್ಲ ಬೇಕಾ ಮಾರಾಯ?" ಎಂದು ಕೇಳುತ್ತಿದ್ದ. ಇಂದು ಸಾಲ ಕೊಡುವವನ ಮುಖ ಕಾಣುವುದಿಲ್ಲ, ತೆಗೆದುಕೊಳ್ಳುವವನನ್ನು ಕೇಳುವವರಿಲ್ಲ. ಈ ಹುಡುಗಿಯ ಅಣ್ಣ ಹೀಗೇ ಒಂದು ಆ್ಯಪಿನಲ್ಲಿ 8,000 ರೂಪಾಯಿ ತೆಗೆದ. ಅದನ್ನು ತೀರಿಸಲು ಇನ್ನೊಂದರಲ್ಲಿ ತೆಗೆದ. ಕಂತು ತಪ್ಪಿದ ಮೇಲೆ ಅವನ ಫೋನಿನಲ್ಲಿದ್ದ ಹೆಸರುಗಳಿಗೆಲ್ಲ ಕರೆ ಬಂತು. ನನಗೂ ಬಂತು. ಹಿಂದಿಯಲ್ಲಿ ಬೈದರು. ನಾನು ಗದ್ದೆಯ ಬದುವಿನಲ್ಲಿ ನಿಂತು ಕೇಳಿದೆ. ಕೊನೆಗೆ ತಂಗಿ ಕುತ್ತಿಗೆಯ ಸರವನ್ನು ಅಡವಿಟ್ಟಳು. ಅದನ್ನು ಬಿಡಿಸಲು ಒಂದು ವರ್ಷದ ಮಲ್ಲಿಗೆ ಹೋಯಿತು. ಆ ಹುಡುಗ ಆರು ತಿಂಗಳು ನೆಂಟರ ಮನೆಗೆ ಕಾಲಿಡಲಿಲ್ಲ. ಪ್ರಬಂಧದಲ್ಲಿ ಅವಳು ಇದನ್ನು ಬರೆದಿರಲಿಲ್ಲ. ಯಾಕೆ ಎಂದು ನಾನೂ ಕೇಳಲಿಲ್ಲ.

ಇದು ಎಂಥ ಊರಿನಲ್ಲಿ ನಡೆಯಿತು ನೋಡಿ. 1925ರಲ್ಲಿ ಉಡುಪಿಯಲ್ಲಿ ಒಂದು ಬ್ಯಾಂಕು ಹುಟ್ಟಿತು. ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಕಟ್ಟಿದ ಅದು ಮುಂದೆ ಸಿಂಡಿಕೇಟ್ ಬ್ಯಾಂಕಾಗಿ ಮಣಿಪಾಲದಲ್ಲಿ ನೆಲೆಯೂರಿತು. ಆ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟರು ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ಒಯ್ಯುತ್ತಿದ್ದರು. ಕೂಲಿಯವರಿಗೂ ನೇಕಾರರಿಗೂ ಉಳಿತಾಯ ಕಲಿಸಿದ ನೆಲ ಇದು. 1969ರಲ್ಲಿ ಅದು ರಾಷ್ಟ್ರೀಕರಣವಾಯಿತು, 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ವಿಲೀನವಾಯಿತು. ಪಿಗ್ಮಿ ಇಂದಿಗೂ ನಮ್ಮ ಸಹಕಾರಿ ಸಂಘಗಳಲ್ಲಿ ಉಂಟು. ಆದರೆ ಅಂದು ಬಾಗಿಲಿಗೆ ಬಂದವರು ನಮ್ಮ ಎರಡಾಣೆಯನ್ನು ನಮಗಾಗಿ ಕೂಡಿಸಿಟ್ಟರು. ಇಂದು ಅಂಗೈಗೆ ಬಂದವರು ನಾವು ಇನ್ನೂ ದುಡಿಯದ ಹಣವನ್ನು ಈಗಲೇ ಒಯ್ಯುತ್ತಾರೆ.

ಅಂಗಡಿಯವರು "ಶೂನ್ಯ ಬಡ್ಡಿ ಕಂತು" ಎನ್ನುತ್ತಾರೆ. ಸೊಸೈಟಿಯ ಶೂನ್ಯ ಬಡ್ಡಿ ಬೆಳೆಸಾಲದಲ್ಲಿ ಬಡ್ಡಿಯನ್ನು ಸರ್ಕಾರ ಭರಿಸುತ್ತದೆ. ಅಂಗಡಿಯ ಶೂನ್ಯ ಬಡ್ಡಿಯನ್ನು ಯಾರು ಭರಿಸುತ್ತಾರೆ? ಶೂನ್ಯ ಬಡ್ಡಿ ಎಂಬುದೇ ಇಲ್ಲ, ಬಡ್ಡಿ ಬೇರೆ ಶುಲ್ಕದ ವೇಷದಲ್ಲಿ ಬರುತ್ತದೆ ಎಂದು 2013ರಲ್ಲೇ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿದೆ.

ನಮ್ಮ ಚಳವಳಿ ಒಂದು ಮಾತು ಹೇಳುತ್ತಾ ಬಂದಿದೆ: ನ್ಯಾಯದ ಬೆಲೆ ಕೊಡದೆ ಹೊರಿಸಿದ ಸಾಲಕ್ಕೆ ರೈತ ಹೊಣೆಯಲ್ಲ. ಇಂದಿಗೂ ಅದು ಸತ್ಯ. ಆದರೆ ಫೋನಿನ ಕಂತಿಗೆ ಆ ಮಾತು ಹೇಳಲು ಬಾಯಿ ಬರುತ್ತದೆಯೇ? ಬೆಳೆಸಾಲವೂ ಬೈಕಿನ ಕಂತೂ ಒಂದೇ ಗೋಣಿಯಲ್ಲಿ ಬೆರೆತರೆ, "ಇವರು ಮಜಾ ಮಾಡಿ ಸಾಲ ಮಾಡಿದವರು" ಎನ್ನಲು ಎದುರಿನವರಿಗೆ ನಾವೇ ಆಸ್ಪದ ಕೊಟ್ಟ ಹಾಗಾಗುತ್ತದೆ.

ದಾರಿ ಇಲ್ಲವೇ? ಉಂಟು, ನಮ್ಮ ಜಿಲ್ಲೆಗಳೇ ತೋರಿಸಿವೆ. 1970ರ ಸುಮಾರಿಗೆ ಅಡಿಕೆ ಧಾರಣೆ ನೆಲಕಚ್ಚಿದಾಗ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕರ್ನಾಟಕ ಕೇರಳದ ಬೆಳೆಗಾರರು ಸೇರಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಕಟ್ಟಿದರು. ಸಂಘವೇ ಮಾರುಕಟ್ಟೆಗೆ ಇಳಿದು ಖರೀದಿಸಿತು. ಕೋಕೋ ಕೊಳ್ಳುವವರಿಲ್ಲದೆ ಬೆಳೆಗಾರ ಕಂಗಾಲಾದಾಗ ಅದನ್ನೂ ಕೊಂಡು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆ ತೆರೆಯಿತು. ಬೆಳೆದವರ ಸಂಘವೇ ಮಾಲಿನ ಮೇಲೆ ಬೆಲೆ ಮುದ್ರಿಸಿತು. ಆಗ ಯಾರ ಕೈಯಲ್ಲೂ ಇಂಥ ಫೋನು ಇರಲಿಲ್ಲ. ದರ ತಿಳಿಯುವುದು ಬೇರೆ, ದರ ನಿಲ್ಲಿಸುವುದು ಬೇರೆ. ಮೊದಲನೆಯದಕ್ಕೆ ಫೋನು ಸಾಕು, ಎರಡನೆಯದಕ್ಕೆ ಸಂಘ ಬೇಕು.

ಆದ್ದರಿಂದ ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಇಂದು ರಾತ್ರಿ ಊಟವಾದ ಮೇಲೆ ಮನೆಯವರೆಲ್ಲ ಕೂತು, ಮನೆಯ ಕಂತುಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಬೆಳೆಗಾಗಿ ಮಾಡಿದ್ದು ಒಂದು ಕಡೆ, ಮಾಲಿಗಾಗಿ ಮಾಡಿದ್ದು ಇನ್ನೊಂದು ಕಡೆ. ಮಕ್ಕಳನ್ನು ಬೈಯಬೇಡಿ, ಬೈದರೆ ಅವರು ಹೇಳುವುದಿಲ್ಲ, ಹೇಳದಿದ್ದರೆ ಸಾಲ ಬೆಳೆಯುತ್ತದೆ. ಫೋನಿನಲ್ಲಿ ಸಾಲ ತೆಗೆಯಲೇಬೇಕಾದರೆ, ಕೊಡುವವರು ರಿಸರ್ವ್ ಬ್ಯಾಂಕಿನ ಹಿಡಿತಕ್ಕೆ ಒಳಪಟ್ಟವರೇ ಎಂದು ಮೊದಲು ನೋಡಿ. ನಿಯಮದ ಪ್ರಕಾರ ಒಟ್ಟು ಖರ್ಚು ಎಷ್ಟು ಶೇಕಡಾ ಎಂದು ಅವರು ಬರೆದುಕೊಡಬೇಕು. ನಿಮ್ಮ ಫೋನಿನ ಹೆಸರುಗಳ ಪಟ್ಟಿಗೆ ಕೈ ಹಾಕುವ ಹಕ್ಕು ಅವರಿಗಿಲ್ಲ. ಮೋಸ ಹೋದರೆ 1930ಕ್ಕೆ ಕೂಡಲೇ ಕರೆ ಮಾಡಿ, ಮರ್ಯಾದೆಗೆ ಹೆದರಿ ಕೂರಬೇಡಿ. ಮುಂದಿನ ಸಂಘದ ಸಭೆಗೆ ಆ ಹಾಳೆಯನ್ನೂ ಕಾಲೇಜಿಗೆ ಹೋಗುವ ಮಕ್ಕಳನ್ನೂ ಕರೆದುಕೊಂಡು ಬನ್ನಿ. ಫೋನು ಅವರಿಗೆ ಗೊತ್ತು, ಗದ್ದೆ ನಮಗೆ ಗೊತ್ತು. ಎರಡೂ ಒಟ್ಟು ಸೇರದೆ ಈ ಲೆಕ್ಕ ಬಿಡಿಸಲು ಬರುವುದಿಲ್ಲ.

ಹುಡುಗಿ ಹೊರಡುವಾಗ ಕೇಳಿದಳು: "ಮಾವ, ಮಲ್ಲಿಗೆ ಕಟ್ಟುವವರೆಲ್ಲ ಸೇರಿ ಒಂದು ದಿನ ದರ ನಾವೇ ಹೇಳಿದರೆ ಎಂತ ಆಗ್ತದೆ?"

ಆ ದಿನದ ಹೂ ಬಾಡಬಹುದು ಎಂದೆ. ಆಮೇಲೆ ಯೋಚಿಸಿದೆ: ಇಷ್ಟು ವರ್ಷ ಬಾಡಿದ್ದು ಹೂವೇನಾ?